ಕಾಲು ಕಿಲೋ ಬೇಳೆಯ ನ್ಯಾಯ

ಪ್ರವಾದಿ ಮುಹಮ್ಮದ್(ಸ)ರನ್ನು ನಿರಾಕರಿಸಿದ ಮಕ್ಕಾದ ಪ್ರಮುಖರು ಎತ್ತಿದ ಆಕ್ಷೇಪಗಳಲ್ಲಿ ಒಂದು ಬಹಳ ವಿಚಿತ್ರವಾದುದು. ದೇವದೂತನೆನ್ನುವ ಈತ ನಮ್ಮಂತೆಯೇ ಉಣ್ಣುತ್ತಾನೆ, ಪೇಟೆಗಳಲ್ಲಿ ನಡೆದಾಡುತ್ತಾನೆ, ಇದೆಂಥ ದೂತತ್ವ ಎಂದು ಅವರು ಕೇಳಿದರು. ಹಿಂದಿನ ದೂತರೆಲ್ಲರೂ ಉಣ್ಣುವವರೂ ಪೇಟೆಗಳಲ್ಲಿ ನಡೆದಾಡುವವರೂ ಆಗಿದ್ದರೆಂದು ಪವಿತ್ರ ಕುರ್‌ಆನ್ ಅವರಿಗೆ ಉತ್ತರಿಸಿತು (ಅಲ್ ಫುರ್ಕಾನ್: 7, 20). ಧರ್ಮವೆಂದರೆ ಮಸೀದಿಯ ನಾಲ್ಕು ಗೋಡೆಗಳೊಳಗಿನ ವ್ಯವಹಾರ, ಅಂಗಡಿಯ ಕಟ್ಟೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಇಂದಿಗೂ ಅಳಿದಿಲ್ಲ. ನಮಾಝಿನಲ್ಲಿ ಬೆರಳು ಎಲ್ಲಿರಬೇಕೆಂದು ಗಂಟೆಗಟ್ಟಲೆ ಚರ್ಚಿಸುವ ನಾವು ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲಬೇಕೆಂದು ಚರ್ಚಿಸುವುದು ಬಹಳ ಕಡಿಮೆ.

ಈ ಲೇಖನದಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ನಗರದ ಬಡ ಮೊಹಲ್ಲಾಗಳ ಜನರು ತಮ್ಮ ಊಟದ ಸಾಮಾನನ್ನು ಹೇಗೆ ಕೊಳ್ಳುತ್ತಾರೆ? ಹಾಗೆ ಕೊಳ್ಳುವುದರಿಂದ ಅವರು ಉಳ್ಳವರಿಗಿಂತ ಹೆಚ್ಚು ಬೆಲೆ ತೆರುತ್ತಿದ್ದಾರೆಂದಾದರೆ ಅದರಲ್ಲಿ ಅನ್ಯಾಯವಿದೆಯೇ? ಇದ್ದರೆ ಅದರ ಹೊಣೆ ಯಾರದು? ಮಾರುವವನದೇ, ಕೊಳ್ಳುವವಳದೇ, ಅಥವಾ ಇದನ್ನು ನೋಡಿಯೂ ಸುಮ್ಮನಿರುವ ನಮ್ಮೆಲ್ಲರದೇ?

ದಿನದ ಕೂಲಿ, ದಿನದ ಅಕ್ಕಿ

ಬೆಂಗಳೂರಿನ ಗೋರಿಪಾಳ್ಯ, ಪಾದರಾಯನಪುರ, ಡಿ.ಜೆ. ಹಳ್ಳಿ, ನೀಲಸಂದ್ರದಂತಹ ಕಡೆಗಳಲ್ಲಿ ಸಂಜೆ ಮಗ್ರಿಬ್‌ನ ನಂತರ ಯಾವುದಾದರೊಂದು ಚಿಕ್ಕ ಕಿರಾಣಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಈ ಖರೀದಿಯ ರೀತಿ ಅರ್ಥವಾಗುತ್ತದೆ. ನೂರು ಗ್ರಾಂ ತೊಗರಿಬೇಳೆ, ಹತ್ತು ರೂಪಾಯಿಯ ಎಣ್ಣೆ, ಐದು ರೂಪಾಯಿಯ ಚಹಾಪುಡಿಯ ಪೊಟ್ಟಣ, ಎರಡು ಮೊಟ್ಟೆ, ಒಂದು ಹಿಡಿ ಒಣಮೆಣಸು, ಒಂದು ತುಂಡು ಬೆಲ್ಲ. ಇಲ್ಲಿ ಯಾರೂ ತಿಂಗಳ ಸಾಮಾನಿನ ಚೀಟಿ ಬರೆದುಕೊಂಡು ಬರುವುದಿಲ್ಲ. ಗಂಡ ಗಾರೆ ಕೆಲಸದಿಂದ ಅಥವಾ ಆಟೋ ಓಡಿಸಿ ಮರಳಿದ ಮೇಲೆ, ಹೆಂಡತಿ ಹೊಸೆದ ಅಗರಬತ್ತಿಯ ಲೆಕ್ಕ ಚುಕ್ತಾ ಆದ ಮೇಲೆ ರಾತ್ರಿಯ ಅಡುಗೆಯ ಪ್ರಶ್ನೆ ತೀರ್ಮಾನವಾಗುತ್ತದೆ. ದುಡಿಮೆ ದಿನದ ಲೆಕ್ಕದಲ್ಲಿ ಬಂದರೆ ಖರೀದಿಯೂ ದಿನದ ಲೆಕ್ಕದಲ್ಲೇ ನಡೆಯುತ್ತದೆ.

ತರಕಾರಿಗೂ ಒಂದು ಹೊತ್ತಿದೆ. ಬೆಳಗ್ಗೆ ತಳ್ಳುಗಾಡಿಯಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಟೊಮೆಟೊ, ಬದನೆ ಸಂಜೆಯಾಗುತ್ತಲೇ ಗುಡ್ಡೆಗಳಾಗುತ್ತವೆ. ಸ್ವಲ್ಪ ಮೆತ್ತಗಾದದ್ದು, ಸ್ವಲ್ಪ ಕೊಳೆತದ್ದು ಎಲ್ಲ ಸೇರಿ ಗುಡ್ಡೆಗೆ ಇಷ್ಟು ರೂಪಾಯಿ. ಜಾಣ ಗೃಹಿಣಿ ಆ ಹೊತ್ತಿಗಾಗಿ ಕಾಯುತ್ತಾಳೆ. ಮೊಟ್ಟೆಯ ಅಂಗಡಿಯಲ್ಲಿ ಬಿರುಕು ಬಿಟ್ಟ ಮೊಟ್ಟೆ ಕಡಿಮೆ ಬೆಲೆಗೆ ಸಿಗುತ್ತದೆ. ಅಕ್ಕಿಯಂಗಡಿಯಲ್ಲಿ ನುಚ್ಚಕ್ಕಿ, ಮಾಂಸದಂಗಡಿಯಲ್ಲಿ ತಲೆ, ಕಾಲು, ಬೋಟಿ ಸಿಗುತ್ತವೆ. ಶುಕ್ರವಾರ ಮನೆಗೆ ನೆಂಟರು ಬಂದರೆ ಮಾತ್ರ ಕೋಳಿ. ಇದರಲ್ಲಿ ಎಷ್ಟೊಂದು ಲೆಕ್ಕಾಚಾರ, ಎಷ್ಟೊಂದು ಜಾಣ್ಮೆ ಅಡಗಿದೆಯೆಂದು ತಿಂಗಳ ಸಂಬಳದವರಿಗೆ ಅರ್ಥವಾಗುವುದು ಕಷ್ಟ.

ಪಡಿತರ ವ್ಯವಸ್ಥೆಯು ಈ ಕುಟುಂಬಗಳ ಒಂದು ದೊಡ್ಡ ಭಾರವನ್ನು ಇಳಿಸಿದೆ ಎಂಬುದನ್ನು ಒಪ್ಪಬೇಕು. ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. 2023ರ ಜುಲೈಯಲ್ಲಿ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ ಕೆ.ಜಿ.ಗೆ 34 ರೂ.ಯಂತೆ ತಲಾ 170 ರೂ. ಹಣ ಕೊಡುವ ಕ್ರಮ ಬಂದು, 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡುವ ಕ್ರಮಕ್ಕೆ ಬದಲಾಯಿತು. ಆದರೆ ಮನುಷ್ಯ ಬರಿಯ ಅನ್ನವನ್ನು ಉಣ್ಣುವುದಿಲ್ಲ. ಅನ್ನದ ಮೇಲೆ ಸುರಿಯುವ ಸಾರಿಗೆ ಬೇಳೆ, ಎಣ್ಣೆ, ಈರುಳ್ಳಿ, ಹುಣಸೆ ಬೇಕು. ಮಕ್ಕಳಿಗೆ ಹಾಲು ಬೇಕು. ಇವೆಲ್ಲವನ್ನೂ ಆಕೆ ಬೀದಿಯ ಅಂಗಡಿಯಿಂದಲೇ ತರಬೇಕು.

ಇದು ಅಜ್ಞಾನವೇ?

ಇಲ್ಲಿ ಒಂದು ಸರಳ ಲೆಕ್ಕ ಹಾಕೋಣ. ತೊಗರಿಬೇಳೆಯ ಬೆಲೆ ಕಿಲೋಗೆ 150 ರೂ. ಇರುವಾಗ ಅಂಗಡಿಯವನು ನೂರು ಗ್ರಾಂಗೆ 18 ರೂ. ತೆಗೆದುಕೊಳ್ಳುತ್ತಾನೆಂದು ಇಟ್ಟುಕೊಳ್ಳಿ. ಮೂರು ರೂಪಾಯಿ ಹೆಚ್ಚು, ಅಷ್ಟೇ, ಯಾರಿಗೂ ದೊಡ್ಡದೆನಿಸದು. ಆದರೆ ಆ ಲೆಕ್ಕದಲ್ಲಿ ಕಿಲೋ ಬೇಳೆಗೆ ಆಕೆ ಕೊಟ್ಟದ್ದು 180 ರೂ. ಅಂದರೆ ಐದನೇ ಒಂದಂಶ ಹೆಚ್ಚು. ತಿಂಗಳಿಗೆ ಮೂರು ಕಿಲೋ ಬೇಳೆ ಬಳಸುವ ಮನೆಯಲ್ಲಿ ಬೇಳೆಯೊಂದರಲ್ಲೇ 90 ರೂ. ಕೈ ಬಿಟ್ಟಿತು. ಎಣ್ಣೆ, ಸಕ್ಕರೆ, ಚಹಾಪುಡಿ, ಮೆಣಸಿನಪುಡಿ, ಸಾಬೂನು ಎಲ್ಲವನ್ನೂ ಹೀಗೆಯೇ ಕೂಡಿಸಿದರೆ ಒಂದು ದಿನದ ಕೂಲಿಯೇ ಸೋರಿಹೋದರೂ ಆಶ್ಚರ್ಯವಿಲ್ಲ. ಉಳ್ಳವನ ಉಳಿತಾಯದ ಮೇಲೆ ಅಲ್ಲಾಹನು ವಿಧಿಸಿದ ಝಕಾತ್ ನಲ್ವತ್ತರಲ್ಲಿ ಒಂದಂಶ ಮಾತ್ರ. ಅದನ್ನು ಕೊಡುವಾಗಲೂ ನಮ್ಮ ಕೈ ನಡುಗುತ್ತದೆ. ಈ ಬಡ ತಾಯಿಯಾದರೋ ತನ್ನ ಬಡತನಕ್ಕಾಗಿಯೇ ಬೇಳೆಯ ಮೇಲೆ ಐದರಲ್ಲಿ ಒಂದಂಶವನ್ನು ದಿನವೂ ತೆರುತ್ತಿದ್ದಾಳೆ.

ಇದು ನಮ್ಮ ಊರಿನ ವಿಚಾರ ಮಾತ್ರವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಕ್ಯಾಪ್ಲೋವಿಟ್ಝ್ ನ್ಯೂಯಾರ್ಕ್ ನಗರದ ಬಡ ಕುಟುಂಬಗಳ ಖರೀದಿಯ ಬಗ್ಗೆ ಅಧ್ಯಯನ ನಡೆಸಿ 1963ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಬಡವರೇ ಹೆಚ್ಚು ತೆರುತ್ತಾರೆ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಅವರು ನೋಡಿದ್ದು ಮುಖ್ಯವಾಗಿ ಕಂತಿನ ಮೇಲೆ ಕೊಳ್ಳುವ ಪೀಠೋಪಕರಣ, ಟಿ.ವಿ.ಯಂತಹ ವಸ್ತುಗಳನ್ನು. ಆದರೆ ಕೈಯಲ್ಲಿ ನಗದಿಲ್ಲದವನಿಗೆ ಎಲ್ಲವೂ ದುಬಾರಿ ಎಂಬ ಸತ್ಯ ಬೇಳೆಗೂ ಅನ್ವಯಿಸುತ್ತದೆ.

ಹಾಗಾದರೆ ಇವರೇಕೆ ಒಟ್ಟಿಗೇ ಕೊಳ್ಳಬಾರದು ಎಂದು ಕೆಲವರು ಕೇಳುತ್ತಾರೆ. ಬಡವರಿಗೆ ಖರ್ಚು ಮಾಡಲು ಬರುವುದಿಲ್ಲ, ಅದಕ್ಕೇ ಅವರು ಬಡವರು ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಈ ತೀರ್ಪಿನ ಹಿಂದೆ ವಿಚಾರಕ್ಕಿಂತ ಅಹಂಕಾರವೇ ಹೆಚ್ಚು. ಇಂದು ಬಂದ ಆರುನೂರು ರೂಪಾಯಿಯಲ್ಲಿ ಬಾಡಿಗೆಗೆ, ಶಾಲೆಯ ಶುಲ್ಕಕ್ಕೆ, ಅತ್ತೆಯ ಮಾತ್ರೆಗೆ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಹತ್ತು ಕಿಲೋ ಬೇಳೆ ಬರುವುದಿಲ್ಲ. ಬಂದರೂ ಹತ್ತಡಿ ಕೋಣೆಯಲ್ಲಿ ಆರು ಮಂದಿ ಮಲಗುವ ಮನೆಯಲ್ಲಿ ಅದನ್ನಿಡಲು ಜಾಗವಿಲ್ಲ. ಇಲಿಯ ಕಾಟ, ಮಳೆಗಾಲದಲ್ಲಿ ಗೋಡೆಯ ತೇವ. ಡಬ್ಬ ತುಂಬಿದ್ದರೆ ಕೈ ಧಾರಾಳವಾಗುತ್ತದೆ, ಪಕ್ಕದ ಮನೆಯವರು ಕೇಳಿದಾಗ ಇಲ್ಲವೆನ್ನಲಾಗುವುದಿಲ್ಲ ಎಂಬುದೂ ಆಕೆಗೆ ಗೊತ್ತು. ಸಗಟು ಮಂಡಿಗೆ ಹೋಗಿ ಬರಲು ಅರ್ಧ ದಿನ ಬೇಕು. ಅರ್ಧ ದಿನವೆಂದರೆ ಅರ್ಧ ದಿನದ ಸಂಪಾದನೆ. ಲೂಸು ಸಾಮಾನು ಕೊಳ್ಳುವುದರಲ್ಲಿ ಲಾಭವೂ ಇಲ್ಲದಿಲ್ಲ. 2022ರ ಜುಲೈ 18ರಿಂದ, 25 ಕೆ.ಜಿ.ವರೆಗಿನ ಮೊಹರು ಮಾಡಿದ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳ ಮೇಲೆ ಶೇಕಡಾ 5ರಷ್ಟು ಜಿ.ಎಸ್.ಟಿ. ಹಾಕಲಾಯಿತು, ಬಿಡಿಯಾಗಿ ತೂಗಿ ಮಾರುವುದಕ್ಕೆ ಅದು ತಗಲಲಿಲ್ಲ. ಆದ್ದರಿಂದ ಆಕೆಯದು ಅಜ್ಞಾನವಲ್ಲ. ಇರುವ ದಾರಿಗಳಲ್ಲಿ ಒಂದನ್ನು ಅಳೆದು ಸುರಿದು ಆರಿಸಿಕೊಂಡಿದ್ದಾಳೆ. ದಾರಿಗಳೇ ಇಕ್ಕಟ್ಟಾಗಿರುವುದು ಆಕೆಯ ತಪ್ಪಲ್ಲ.

ಉದ್ರಿ ಪುಸ್ತಕ ಮತ್ತು ಶರೀಅತ್

ಇನ್ನು ಮಾರುವವನ ಕಡೆ ನೋಡೋಣ. ನ್ಯಾಯದ ಮಾತಾಡುವಾಗ ಒಬ್ಬನ ಪರವಾಗಿ ಇನ್ನೊಬ್ಬನಿಗೆ ಅನ್ಯಾಯ ಮಾಡಬಾರದು. ಮೊಹಲ್ಲಾದ ಚಿಕ್ಕ ಅಂಗಡಿಯವನು ಬಂಡವಾಳಶಾಹಿಯಲ್ಲ. ಅವನದೂ ಬಾಡಿಗೆಯ ಗೂಡು. ಒಂದು ಚೀಲ ಬೇಳೆಯನ್ನು ನೂರು ಗ್ರಾಂನಂತೆ ಐದುನೂರು ಸಲ ತೂಗುವುದರಲ್ಲಿ ಶ್ರಮವಿದೆ, ಚೆಲ್ಲಿಹೋಗುವ ನಷ್ಟವಿದೆ, ಪೊಟ್ಟಣದ ಕಾಗದದ ಖರ್ಚಿದೆ. ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರ ತನಕ ಬಾಗಿಲು ತೆರೆದಿಡುತ್ತಾನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ದುಡಿಮೆ ನಿಂತಾಗ ಸರಕಾರದ ಕಿಟ್ಟು ಬರುವ ಮುನ್ನ ಅನೇಕ ಮನೆಗಳ ಒಲೆ ಉರಿದದ್ದು ಇಂಥವರ ಉದ್ರಿಯಿಂದ. ಆ ಸಾಲದಲ್ಲಿ ಒಂದು ಭಾಗ ಮರಳಿ ಬರಲೇ ಇಲ್ಲವೆಂದು ಹೇಳುವ ಅಂಗಡಿಯವರಿದ್ದಾರೆ. ಚಿಲ್ಲರೆಗೆ ಸ್ವಲ್ಪ ಹೆಚ್ಚು ಬೆಲೆ ಪಡೆಯುವುದು ಆ ಶ್ರಮದ ಪ್ರತಿಫಲವಾಗಿದ್ದರೆ ಅದು ಹಲಾಲ್. ಪರಸ್ಪರ ಒಪ್ಪಿಗೆಯಿಂದ ನಡೆಯುವ ವ್ಯಾಪಾರವನ್ನು ಅಲ್ಲಾಹನು ಅನುಮತಿಸಿದ್ದಾನೆ (ಅನ್ನಿಸಾ: 29).

ಉದ್ರಿಯ ವಿಷಯದಲ್ಲೂ ಶರೀಅತ್ ಕಠಿಣವಾಗಿಲ್ಲ. ನಗದಿಗೆ ಒಂದು ಬೆಲೆ, ಉದ್ರಿಗೆ ತುಸು ಹೆಚ್ಚಿನ ಬೆಲೆ ಹೇಳಿ, ಎರಡರಲ್ಲಿ ಒಂದನ್ನು ಒಪ್ಪಂದದ ಹೊತ್ತಿನಲ್ಲೇ ಖಚಿತಪಡಿಸಿಕೊಂಡರೆ ಅದು ಸಮ್ಮತವೆಂದು ಬಹುಪಾಲು ಫುಕಹಾಗಳು ಹೇಳಿದ್ದಾರೆ. ಆದರೆ ಬೆಲೆ ಒಮ್ಮೆ ನಿಗದಿಯಾದ ಮೇಲೆ, ಹೇಳಿದ ದಿನಕ್ಕೆ ಹಣ ಬರಲಿಲ್ಲವೆಂದು ಬಾಕಿಯ ಮೇಲೆ ಒಂದು ರೂಪಾಯಿ ಏರಿಸಿದರೂ ಅದು ಬಡ್ಡಿಯಾಗುತ್ತದೆ. ಈ ಗೆರೆ ತೀರ ತೆಳ್ಳಗೆ ಕಾಣಬಹುದು. ಆದರೆ ಹಲಾಲ್ ಮತ್ತು ಹರಾಮ್‌ಗಳು ಬೇರೆಯಾಗುವುದೇ ಅಲ್ಲಿ.

ನಮ್ಮ ಫಿಕ್ಹ್ ಗ್ರಂಥಗಳನ್ನು ತೆರೆದು ನೋಡಿದರೆ ಈ ಉದ್ರಿ ಪುಸ್ತಕದ ಪ್ರಶ್ನೆಯನ್ನು ಹನಫೀ ವಿದ್ವಾಂಸರು ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದಾರೆ. ಅಂಗಡಿಯಿಂದ ಪ್ರತಿದಿನ ಸ್ವಲ್ಪಸ್ವಲ್ಪ ಸಾಮಾನು ತಂದು ಕೊನೆಗೆ ಒಟ್ಟು ಲೆಕ್ಕ ಚುಕ್ತಾ ಮಾಡುವುದನ್ನು ಅವರು ‘ಇಸ್ತಿಜ್ರಾರ್’ ಎಂದು ಕರೆದರು. ಬೆಲೆ ಹೇಳದೆ ತಂದ ವಸ್ತು ಉಂಡು ಮುಗಿದ ಮೇಲೆ ಬೆಲೆ ಕಟ್ಟುವುದು ಕಟ್ಟುನಿಟ್ಟಾದ ನಿಯಮಕ್ಕೆ ಹೊಂದುವುದಿಲ್ಲ. ಆದರೂ ಜನಜೀವನದ ರೂಢಿಯನ್ನೂ ಅಗತ್ಯವನ್ನೂ ನೋಡಿ ಅವರು ಅದಕ್ಕೆ ಅವಕಾಶ ಕೊಟ್ಟರು. ಹದಿನಾರನೇ ಶತಮಾನದ ಈಜಿಪ್ಟಿನ ವಿದ್ವಾಂಸ ಇಬ್ನು ನುಜೈಮ್ ಇದಕ್ಕೆ ಕೊಟ್ಟ ಉದಾಹರಣೆ ಯಾವುದು ಗೊತ್ತೇ? ಬೇಳೆ, ಉಪ್ಪು, ಎಣ್ಣೆ. ಕೈರೋದ ಬಡವನ ಬುಟ್ಟಿಗೂ ಗೋರಿಪಾಳ್ಯದ ಬಡವಳ ಬುಟ್ಟಿಗೂ ಎಂಥ ಹೋಲಿಕೆ!

ಈ ರಿಯಾಯಿತಿಯನ್ನು ವಿದ್ವಾಂಸರು ಕೊಟ್ಟದ್ದು ಜನರಿಗೆ ಸುಲಭವಾಗಲೆಂದು, ಅಂಗಡಿಯವನು ಲೆಕ್ಕ ಮರೆಮಾಚಲೆಂದಲ್ಲ. ಸಾಲವು ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡಲು ಬೇಸರಪಡಬಾರದೆಂದು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೇ ಆದೇಶಿಸುತ್ತದೆ (ಅಲ್ ಬಕರ: 282). ಚಿಕ್ಕದಿರಲಿ ಎಂಬ ಮಾತನ್ನು ಗಮನಿಸಿ. ಹತ್ತು ರೂಪಾಯಿಯ ಎಣ್ಣೆಯೂ ಅದರಲ್ಲಿ ಬಂತು. ಎಂಟು ವರ್ಷದ ಹುಡುಗಿಯನ್ನು ಅಂಗಡಿಗೆ ಕಳುಹಿಸಿದಾಗ ಪುಸ್ತಕದಲ್ಲಿ ಎಷ್ಟು ಬರೆದುಕೊಂಡನೆಂದು ಆ ಮಗುವಿಗೆ ಗೊತ್ತಾಗುವುದಿಲ್ಲ. ಓದಲು ಬಾರದ ತಾಯಿಗೂ ಗೊತ್ತಾಗುವುದಿಲ್ಲ. ಆಗ ಪುಸ್ತಕದಲ್ಲಿ ಬರೆಯುವ ಆ ಕೈಗೆ ಅಲ್ಲಾಹನಲ್ಲದೆ ಬೇರೆ ಸಾಕ್ಷಿಯಿಲ್ಲ. ಆದ್ದರಿಂದ ಪ್ರತಿ ಮನೆಯಲ್ಲೂ ಇನ್ನೊಂದು ಪುಸ್ತಕವಿರಲಿ. ಅಂಗಡಿಯವನು ಎರಡರಲ್ಲೂ ಬರೆಯಲಿ. ಇದು ಅವಿಶ್ವಾಸವಲ್ಲ, ಅಲ್ಲಾಹನ ಆದೇಶದ ಪಾಲನೆ.

ಹಸಿದವಳ ಒಪ್ಪಿಗೆ

ಇಷ್ಟಾದ ಮೇಲೂ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವ್ಯಾಪಾರಕ್ಕೆ ಪರಸ್ಪರ ಒಪ್ಪಿಗೆ ಸಾಕು ಎಂದೆವು. ಆದರೆ ಒಲೆಯ ಮೇಲೆ ನೀರಿಟ್ಟು ಬಂದವಳ ಒಪ್ಪಿಗೆಗೆ ಎಷ್ಟು ಅರ್ಥವಿದೆ? ಹಳೆಯ ಬಾಕಿ ಎರಡು ಸಾವಿರ ಇರುವ ಅಂಗಡಿಯನ್ನು ಬಿಟ್ಟು ಆಕೆ ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ. ಹೋದರೆ ಅಲ್ಲಿ ನಗದು ಕೇಳುತ್ತಾರೆ, ಇಲ್ಲಿ ಮರುದಿನವೇ ಬಾಕಿ ಕೇಳುತ್ತಾರೆ. ಬೇಳೆಯಲ್ಲಿ ಹುಳವಿದ್ದರೂ, ಅಕ್ಕಿಯಲ್ಲಿ ಕಲ್ಲಿದ್ದರೂ ಬಾಯಿ ತೆರೆಯುವಂತಿಲ್ಲ. ತಕ್ಕಡಿಯ ಕಡೆ ನೋಡಿದರೆ ಅಂಗಡಿಯವನಿಗೆ ಸಿಟ್ಟು ಬಂದೀತೆಂದು ಬೇರೆ ಕಡೆ ನೋಡುತ್ತಾಳೆ. ಇದನ್ನು ಒಪ್ಪಿಗೆ ಎನ್ನುವುದೇ?

ಫುಕಹಾಗಳು ಇದನ್ನೂ ಕಂಡಿದ್ದರು. ‘ಮುಳ್ತರ್‌’ನ, ಅಂದರೆ ನಿರ್ವಾಹವಿಲ್ಲದವನ, ವ್ಯಾಪಾರದ ಬಗ್ಗೆ ನಿಷೇಧವಿರುವ ಒಂದು ಹದೀಸ್ ಅಬೂದಾವೂದ್‌ನಲ್ಲಿದೆ. ಅದರ ಪರಂಪರೆ ದುರ್ಬಲವೆಂದು ಹದೀಸ್ ತಜ್ಞರು ಹೇಳಿದ್ದರೂ ಅದರ ಆಶಯವನ್ನು ವಿದ್ವಾಂಸರು ಕೈಬಿಡಲಿಲ್ಲ. ಒಬ್ಬನಿಗೆ ಅನ್ನವೋ ನೀರೋ ಬಟ್ಟೆಯೋ ಇಲ್ಲದೆ ಆಗದು, ಮಾರುವವನು ಅದರ ನಿಜ ಬೆಲೆಗಿಂತ ಬಹಳ ಹೆಚ್ಚಿಗೆ ಅಲ್ಲದೆ ಕೊಡಲಾರ ಎಂಬ ಸ್ಥಿತಿಯಲ್ಲಿ ನಡೆದ ವ್ಯಾಪಾರವನ್ನು ಹನಫೀ ಗ್ರಂಥಗಳು ‘ಫಾಸಿದ್’ ಎಂದು ಎಣಿಸಿವೆ. ಬಾಯಿಂದ ಹೊರಟ ಹೂಂಕಾರ ಮಾತ್ರ ಒಪ್ಪಿಗೆಯಲ್ಲ, ಬೇಡವೆನ್ನಲು ಸಾಧ್ಯವಿರುವವನ ಹೂಂಕಾರವೇ ನಿಜವಾದ ಒಪ್ಪಿಗೆ ಎಂಬುದು ಇದರ ತಿರುಳು. ನೂರು ಗ್ರಾಂ ಬೇಳೆಯ ಮೇಲೆ ಮೂರು ರೂಪಾಯಿ ಹೆಚ್ಚು ಪಡೆದವನನ್ನು ಈ ತೀರ್ಪಿಗೆ ಗುರಿಪಡಿಸುವುದು ಅತಿಯಾದೀತು. ಆದರೆ ಆ ದಿಕ್ಕಿನಲ್ಲಿ ತಾನೆಷ್ಟು ದೂರ ನಡೆದಿದ್ದೇನೆ ಎಂದು ಆತ ಅಳೆದುಕೊಳ್ಳಬೇಕು.

ಅಳೆಯಲು ಒಂದು ಸುಲಭವಾದ ಮಾನದಂಡವಿದೆ. ಕೈಯಲ್ಲಿ ನಗದು ಹಿಡಿದು ಬಂದ, ಇಷ್ಟವಾಗದಿದ್ದರೆ ಮುಂದಿನ ಅಂಗಡಿಗೆ ಹೋಗಬಲ್ಲ ಗಿರಾಕಿಗೂ ನಾನು ಇದೇ ಮಾಲನ್ನು ಇದೇ ತೂಕದಲ್ಲಿ ಕೊಡುತ್ತಿದ್ದೆನೇ? ಉತ್ತರ ಹೌದು ಎಂದಾದರೆ ಹೆಚ್ಚಿನ ಬೆಲೆ ನಿಮ್ಮ ಶ್ರಮದ್ದು. ಇಲ್ಲವೆಂದಾದರೆ ಅದು ಆಕೆಯ ನಿರ್ವಾಹವಿಲ್ಲದಿರುವಿಕೆಯ ಬೆಲೆ. ಅದನ್ನು ಕಿಸೆಗೆ ಹಾಕಿಕೊಳ್ಳುವ ಮುನ್ನ, ತನಗಾಗಿ ಬಯಸುವುದನ್ನು ತನ್ನ ಸಹೋದರನಿಗಾಗಿಯೂ ಬಯಸುವ ತನಕ ಯಾರೂ ಸತ್ಯವಿಶ್ವಾಸಿಯಾಗಲಾರರೆಂಬ ಪ್ರವಾದಿವಚನದ (ಬುಖಾರಿ, ಮುಸ್ಲಿಮ್) ಆಶಯವನ್ನು ನೆನಪಿಸಿಕೊಳ್ಳಬೇಕು.

ಸಂಶಯಕ್ಕೆ ಎಡೆಯೇ ಇಲ್ಲದ ತಪ್ಪುಗಳೂ ಇವೆ. ಅಳೆದುಕೊಳ್ಳುವಾಗ ಪೂರ್ಣವಾಗಿ ಪಡೆದು, ಅಳೆದುಕೊಡುವಾಗ ಕಡಿಮೆ ಮಾಡುವವರ ವಿನಾಶವನ್ನು ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲೇ ಸಾರಿದೆ (ಅಲ್ ಮುತಫ್ಫಿಫೀನ್: 1-3). ಶುಐಬ್(ಅ)ರ ಜನಾಂಗದ ವಿನಾಶದ ಕಥೆಯಲ್ಲಿ ಬಹುದೇವಾರಾಧನೆಯ ಜೊತೆಜೊತೆಗೇ ತಕ್ಕಡಿಯ ಮೋಸವೂ ಪ್ರಸ್ತಾಪವಾಗಿದೆ. ನೂರು ಗ್ರಾಂನಲ್ಲಿ ಐದು ಗ್ರಾಂ ಕಡಿಮೆಯಾದರೆ ಏನು ಮಹಾ ಎನ್ನಬೇಡಿ. ಚೀಲ ಕೊಳ್ಳುವವನಿಗೆ ಐದು ಗ್ರಾಂ ಏನೂ ಅಲ್ಲ. ನೂರು ಗ್ರಾಂ ಕೊಳ್ಳುವವಳಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲು. ಹಾಲಿನ ಪ್ಯಾಕೆಟ್ಟಿಗೆ ಫ್ರಿಜ್ಜಿನ ಹೆಸರಲ್ಲಿ ಮುದ್ರಿತ ಬೆಲೆಗಿಂತ ಒಂದೆರಡು ರೂಪಾಯಿ ಹೆಚ್ಚು ಪಡೆಯುವುದನ್ನು ನೆಲದ ಕಾನೂನು ಕೂಡ ನಿಷೇಧಿಸಿದೆ. ಒಳಗೆ ಒದ್ದೆಯಾದ ಧಾನ್ಯವಿಟ್ಟು ಮೇಲೆ ಒಣಗಿದ್ದನ್ನು ಹರಡಿದ ವ್ಯಾಪಾರಿಯ ರಾಶಿಯೊಳಗೆ ಪ್ರವಾದಿ(ಸ) ಸ್ವತಃ ಕೈಯಿಟ್ಟು ನೋಡಿ, ವಂಚಿಸುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಕೊಟ್ಟ ಘಟನೆ ಮುಸ್ಲಿಮ್‌ನಲ್ಲಿದೆ. ಗಡ್ಡ, ಟೋಪಿ, ಗೋಡೆಯ ಮೇಲೆ ತೂಗುಹಾಕಿದ ಆಯತುಲ್ ಕುರ್ಸೀ ಇವು ಯಾವುವೂ ಆ ಎಚ್ಚರಿಕೆಯಿಂದ ನಮ್ಮನ್ನು ಪಾರುಮಾಡಲಾರವು.

ಅದ್ಲ್ ಮತ್ತು ಇಹ್ಸಾನ್

ಅಲ್ಲಾಹನು ಆದೇಶಿಸಿದ್ದು ಬರಿಯ ನ್ಯಾಯವನ್ನಲ್ಲ. ನ್ಯಾಯದ ಜೊತೆಗೆ ಇಹ್ಸಾನನ್ನೂ, ಅಂದರೆ ಹಕ್ಕಿಗಿಂತ ಮಿಗಿಲಾದ ಒಳಿತನ್ನೂ, ಆದೇಶಿಸಿದ್ದಾನೆ (ಅನ್ನಹ್ಲ್: 90). ಇಮಾಮ್ ಗಝಾಲಿ(ರಹ್) ‘ಇಹ್ಯಾ’ದಲ್ಲಿ ಸಂಪಾದನೆಯ ಶಿಷ್ಟಾಚಾರಗಳನ್ನು ವಿವರಿಸುವಾಗ ಇವೆರಡರ ಸಂಬಂಧವನ್ನು ವ್ಯಾಪಾರಿಗೆ ಅರ್ಥವಾಗುವ ರೀತಿಯಲ್ಲೇ ಹೇಳಿದ್ದಾರೆ. ಅವರ ಪ್ರಕಾರ ನ್ಯಾಯವು ಬಂಡವಾಳ ಉಳಿದಂತೆ, ಇಹ್ಸಾನ್ ಲಾಭ ಬಂದಂತೆ. ಲೋಕದ ವ್ಯಾಪಾರದಲ್ಲಿ ಬಂಡವಾಳ ಉಳಿದರೆ ಸಾಕೆಂದು ತೃಪ್ತಿಪಡುವವನನ್ನು ಯಾರೂ ಜಾಣನೆನ್ನುವುದಿಲ್ಲ. ಪರಲೋಕದ ವ್ಯಾಪಾರದಲ್ಲಿ ಮಾತ್ರ ನಾವೇಕೆ ಅಷ್ಟಕ್ಕೇ ತೃಪ್ತರಾಗಬೇಕು?

ಅದೇ ಅಧ್ಯಾಯದಲ್ಲಿ ಅವರು ಹಿಂದಿನ ಸಜ್ಜನ ವ್ಯಾಪಾರಿಗಳ ಒಂದು ರೂಢಿಯನ್ನು ದಾಖಲಿಸಿದ್ದಾರೆ. ಅವರಲ್ಲಿ ಕೆಲವರು ಎರಡು ಲೆಕ್ಕದ ಪುಸ್ತಕಗಳನ್ನಿಡುತ್ತಿದ್ದರಂತೆ. ಒಂದು ಎಲ್ಲರಂತೆ. ಇನ್ನೊಂದು ಪರಿಚಯವಿಲ್ಲದ ಬಡವರದು. ಬಡವನೊಬ್ಬ ಧಾನ್ಯವನ್ನೋ ಹಣ್ಣನ್ನೋ ನೋಡಿ, ಬೇಕು, ಆದರೆ ಕೈಯಲ್ಲಿ ಹಣವಿಲ್ಲ ಎಂದರೆ, ಒಯ್ಯಿರಿ, ಅನುಕೂಲವಾದಾಗ ಕೊಡಿ ಎನ್ನುತ್ತಿದ್ದರು. ಇದಕ್ಕೂ ಮೇಲಿನ ದರ್ಜೆಯವರು ಹೆಸರನ್ನೇ ಬರೆದುಕೊಳ್ಳುತ್ತಿರಲಿಲ್ಲ, ಸಾಧ್ಯವಾದರೆ ಕೊಡಲಿ, ಇಲ್ಲವಾದರೆ ಅವನು ಋಣಮುಕ್ತ ಎಂದು ಬಿಟ್ಟುಬಿಡುತ್ತಿದ್ದರು. ಜನರಿಗೆ ಸಾಲ ಕೊಡುತ್ತಿದ್ದ ಒಬ್ಬ ವ್ಯಾಪಾರಿ ಕಷ್ಟದಲ್ಲಿರುವವನನ್ನು ಕಂಡರೆ ಬಿಟ್ಟುಬಿಡುವಂತೆ ತನ್ನ ಸೇವಕರಿಗೆ ಹೇಳುತ್ತಿದ್ದುದರಿಂದ ಅಲ್ಲಾಹನೂ ಅವನನ್ನು ಮನ್ನಿಸಿದನೆಂದು ಪ್ರವಾದಿ(ಸ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಡುವುದು ಇನ್ನೂ ಉತ್ತಮ ಎಂಬುದು ಕುರ್‌ಆನಿನ ಬೋಧನೆ (ಅಲ್ ಬಕರ: 280).

ಕೊಳ್ಳುವವರ ಹೊಣೆ

ಇಹ್ಸಾನ್ ಮಾರುವವನ ಕರ್ತವ್ಯ ಮಾತ್ರವಲ್ಲ. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಮೂರರಲ್ಲೂ ಉದಾರಿಯಾಗಿರುವವನಿಗೆ ಪ್ರವಾದಿ(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ (ಬುಖಾರಿ). ಉಳ್ಳವರಾದ ನಾವು ದೊಡ್ಡ ಮಾಲ್‌ನಲ್ಲಿ ಚೀಟಿಯಲ್ಲಿ ಬರೆದ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು ಬರುತ್ತೇವೆ. ಹೊರಗೆ ಬಿಸಿಲಲ್ಲಿ ನಿಂತ ತಳ್ಳುಗಾಡಿಯವನ ಹತ್ತಿರ ಒಂದು ಕಟ್ಟು ಕೊತ್ತಂಬರಿಗಾಗಿ ಐದು ನಿಮಿಷ ಚೌಕಾಶಿ ಮಾಡುತ್ತೇವೆ. ಬಡವನಿಂದ ಕೊಳ್ಳುವಾಗ ಸ್ವಲ್ಪ ನಷ್ಟವಾದರೂ ಸಹಿಸಿಕೊಳ್ಳುವುದು ಒಳ್ಳೆಯದು, ಅಗತ್ಯಕ್ಕಿಂತ ಹೆಚ್ಚು ಲಾಭ ಬಯಸುವ ಸಿರಿವಂತ ವ್ಯಾಪಾರಿಯಿಂದ ಕೊಳ್ಳುವಾಗ ಹಾಗೆ ನಷ್ಟ ಮಾಡಿಕೊಳ್ಳುವುದು ಪ್ರಶಂಸನೀಯವಲ್ಲ ಎಂದು ಇಮಾಮ್ ಗಝಾಲಿ(ರಹ್) ಹೇಳಿದ್ದರು. ನಾವು ಅದನ್ನು ತಲೆಕೆಳಗಾಗಿ ಪಾಲಿಸುತ್ತಿದ್ದೇವೆ.

ಸಾಲ ಮಾಡಿ ಉಣ್ಣುವವರಿಗೂ ಒಂದು ಮಾತು. ಸಾಲ ಮಾಡುವುದು ಅವಮಾನವಲ್ಲ. ಪ್ರವಾದಿವರ್ಯರು(ಸ) ಇಹಲೋಕ ತ್ಯಜಿಸಿದಾಗ ಅವರ ಯುದ್ಧಕವಚವು ಮೂವತ್ತು ಸಾಅ್ ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಒತ್ತೆಯಿತ್ತು (ಬುಖಾರಿ). ಮನೆಯ ಊಟಕ್ಕಾಗಿ ಉದ್ರಿ ಪಡೆದವರಲ್ಲಿ ಮಾನವಕುಲದ ಅತ್ಯಂತ ಶ್ರೇಷ್ಠ ವ್ಯಕ್ತಿಯೂ ಇದ್ದಾರೆಂಬುದು ಬಡವರಿಗೆ ಎಂಥ ಸಾಂತ್ವನ! ಆದರೆ ಅವರೇ ಸಾಲದ ಹೊರೆಯಿಂದ ಅಲ್ಲಾಹನ ರಕ್ಷೆಯನ್ನು ಬೇಡುತ್ತಿದ್ದರು. ತೀರಿಸುವ ಉದ್ದೇಶದಿಂದ ಸಾಲ ಪಡೆದವನ ಪರವಾಗಿ ಅಲ್ಲಾಹನೇ ತೀರಿಸುವನೆಂದೂ, ಶಕ್ತಿಯಿದ್ದೂ ಮುಂದೂಡುವುದು ಅಕ್ರಮವೆಂದೂ ತಿಳಿಸಿದರು. ಒಂದು ಅಂಗಡಿಯಲ್ಲಿ ಬಾಕಿಯಿಟ್ಟು, ಮುಖ ತಪ್ಪಿಸಿ, ಕೂಲಿ ಬಂದ ದಿನ ನಗದು ಹಿಡಿದು ಇನ್ನೊಂದು ಅಂಗಡಿಗೆ ಹೋಗುವವರು, ತಮ್ಮ ನಂತರ ಬರುವ ನಿಜವಾದ ಬಡವನಿಗೆ ಉದ್ರಿಯ ಬಾಗಿಲನ್ನು ಮುಚ್ಚುತ್ತಾರೆ.

ಮಕ್ಕಳ ವಿಷಯವನ್ನೂ ಹೇಳಬೇಕು. ಬೆಳಗಿನ ಮದ್ರಸಕ್ಕೆ ಬರುವ ಮಕ್ಕಳಲ್ಲಿ ಅನೇಕರ ಕೈಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣವಿರುತ್ತದೆ. ಅದೇ ಅವರ ತಿಂಡಿ. ಪೊಟ್ಟಣದ ಬೆಲೆ ವರ್ಷಗಟ್ಟಲೆ ಐದೇ ರೂಪಾಯಿ ಇರುತ್ತದೆ, ಒಳಗಿನ ತೂಕ ಮಾತ್ರ ಕರಗುತ್ತಾ ಹೋಗುತ್ತದೆ. ತಾಯಿಯನ್ನು ಬೈಯುವುದು ಸುಲಭ. ನಸುಕಿನಲ್ಲೇ ನಾಲ್ಕು ಮನೆಗಳ ಕೆಲಸಕ್ಕೆ ಹೊರಡುವವಳಿಗೆ ಒಲೆ ಹಚ್ಚಲು ಹೊತ್ತೆಲ್ಲಿದೆ? ಆದರೂ ದಿನಕ್ಕೆ ಇಬ್ಬರು ಮಕ್ಕಳಿಗೆ ಹತ್ತು ರೂಪಾಯಿಯೆಂದರೆ ತಿಂಗಳಿಗೆ ಮುನ್ನೂರು. ಅದೇ ಹಣಕ್ಕೆ ನೆಲಗಡಲೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಎಷ್ಟಾಗುತ್ತದೆಂದು ಮನೆಯಲ್ಲಿ ಕುಳಿತು ಲೆಕ್ಕ ಹಾಕಿ. ತಂದೆಯ ಗುಟ್ಕಾ, ಬೀಡಿಯ ಲೆಕ್ಕವನ್ನು ಅದಕ್ಕಿಂತ ಮೊದಲು ಹಾಕಿ.

ಪಡಿತರ ಅಕ್ಕಿಯನ್ನು ದಲ್ಲಾಳಿಗೆ ಮಾರುವುದು ಕಾನೂನಿಗೆ ವಿರುದ್ಧ. ಉಣ್ಣಲೆಂದು ಕೊಟ್ಟದ್ದು ಒಂದು ಅಮಾನತ್. ಎಣ್ಣೆ, ಬೇಳೆಗೆ ಹಣವಿಲ್ಲದೆ ಮಾರುವ ಬಡವನ ಕಷ್ಟ ಅರ್ಥವಾಗುತ್ತದೆ. ಆದರೆ ಎರಡು ಅಂತಸ್ತಿನ ಮನೆ ಕಟ್ಟಿಸಿಯೂ ಬಿ.ಪಿ.ಎಲ್. ಕಾರ್ಡನ್ನು ಬಿಡದವನಿಗೆ, ಹೆಬ್ಬೆಟ್ಟು ಒತ್ತಿಸಿಕೊಂಡು ತೂಕದಲ್ಲಿ ಕಡಿತ ಮಾಡುವ ಪಡಿತರ ಅಂಗಡಿಯವನಿಗೆ ಯಾವ ನೆಪವಿದೆ?

ಜಮಾಅತ್ ಏನು ಮಾಡಬಹುದು?

ಬಡವನು ಹೆಚ್ಚು ತೆರುವುದು ಅವನ ಬಳಿ ಒಮ್ಮೆಗೆ ಸಾವಿರ ರೂಪಾಯಿ ಇಲ್ಲದಿರುವುದರಿಂದ. ಕಾರಣ ಇಷ್ಟೇ ಆಗಿರುವಾಗ ಪರಿಹಾರವೂ ಅಸಾಧ್ಯವಲ್ಲ. ಒಂದು ಗಲ್ಲಿಯ ಹತ್ತು ಮನೆಗಳು ಕೂಡಿ, ಮಸೀದಿಯ ಬೈತುಲ್ ಮಾಲ್‌ನಿಂದ ಬಡ್ಡಿರಹಿತ ಸಾಲ ಪಡೆದು, ಯಶವಂತಪುರದ ಮಂಡಿಯಿಂದ ಒಂದು ಚೀಲ ಬೇಳೆ, ಒಂದು ಚೀಲ ಸಕ್ಕರೆ, ಎರಡು ಡಬ್ಬ ಎಣ್ಣೆ ತಂದು ಹಂಚಿಕೊಳ್ಳಲಿ. ದಿನಕ್ಕೆ ಇಷ್ಟೆಂದು ಆ ಸಾಲ ತೀರಲಿ. ಚೀಟಿ ನಡೆಸಿ ಅನುಭವವಿರುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಲೆಕ್ಕ ಇಡುವುದು ಕಷ್ಟವೇನಲ್ಲ.

ರಮಝಾನಿನಲ್ಲಿ ನಾವು ಕಿಟ್ಟುಗಳನ್ನು ಹಂಚುತ್ತೇವೆ. ಒಂದೇ ಮನೆಗೆ ನಾಲ್ಕು ಕಿಟ್ಟು ಬರುತ್ತದೆ, ಕೇಳಲು ನಾಚುವ ಮನೆಗೆ ಒಂದೂ ಬರುವುದಿಲ್ಲ. ಬೇಡದೆ ಬಿಗಿಹಿಡಿದು ಬದುಕುವುದರಿಂದ, ಅರಿಯದವರು ಸಿರಿವಂತರೆಂದು ತಿಳಿಯುವಂಥ ಬಡವರ ಬಗ್ಗೆ ಕುರ್‌ಆನ್ ವಿಶೇಷವಾಗಿ ಗಮನ ಸೆಳೆದಿದೆ (ಅಲ್ ಬಕರ: 273). ಅವರ ಹೆಸರು ಯಾವ ಕಿಟ್ಟಿನ ಪಟ್ಟಿಯಲ್ಲೂ ಇರುವುದಿಲ್ಲ, ಅಂಗಡಿಯ ಉದ್ರಿ ಪುಸ್ತಕದಲ್ಲಿರುತ್ತದೆ. ಉಸ್ಮಾನಿಯಾ ಆಡಳಿತದ ಕಾಲದ ತುರ್ಕಿಯಲ್ಲಿ ಸಿರಿವಂತರು ತಮ್ಮ ಪರಿಚಯವಿಲ್ಲದ ಮೊಹಲ್ಲಾಗಳ 'ಝಿಮೆಮ್' ಪುಸ್ತಕವನ್ನು, ಅಂದರೆ ಅಂಗಡಿಯ ಬಾಕಿ ಪುಸ್ತಕವನ್ನು, ತರಿಸಿ ಹಾಳೆಗಳ ಬಾಕಿಯನ್ನು ಚುಕ್ತಾ ಮಾಡಿ ಹೋಗುತ್ತಿದ್ದ ರೂಢಿಯಿತ್ತು. ಯಾರು ಕೊಟ್ಟರೆಂದು ಸಾಲಗಾರನಿಗೂ ಗೊತ್ತಿಲ್ಲ, ಯಾರ ಸಾಲವೆಂದು ಕೊಟ್ಟವನಿಗೂ ಗೊತ್ತಿಲ್ಲ. ನಾವೂ ಹೀಗೆ ಮಾಡಬಹುದು. ಆದರೆ ಒಂದು ಮಸಲೆಯನ್ನು ನೆನಪಿಡಬೇಕು. ಸಾಲಗಾರರು ಝಕಾತಿನ ಹಕ್ಕುದಾರರಾದರೂ (ಅತ್ತೌಬ: 60), ಹನಫೀ ಮದ್‌ಹಬ್‌ನಲ್ಲಿ ಬಡವನ ಅನುಮತಿಯಿಲ್ಲದೆ ಅವನ ಸಾಲ ತೀರಿಸಿದರೆ ಝಕಾತ್ ಸಂದಾಯವಾಗುವುದಿಲ್ಲ. ಗುಟ್ಟಾಗಿ ತೀರಿಸಬೇಕೆಂದಿದ್ದರೆ ಸದಕಾದ ಹಣದಿಂದ ತೀರಿಸಲಿ. ಝಕಾತಿನಿಂದ ತೀರಿಸುವುದಾದರೆ ನಂಬಿಕಸ್ಥರೊಬ್ಬರ ಮೂಲಕ ಒಪ್ಪಿಗೆ ಪಡೆಯಲಿ.

ಖತೀಬರು ವರ್ಷದಲ್ಲಿ ಒಂದೆರಡು ಜುಮುಅ ಖುತ್ಬಗಳನ್ನಾದರೂ ತಕ್ಕಡಿ, ಉದ್ರಿ ಮತ್ತು ಬೆಲೆಯ ವಿಷಯಕ್ಕೆ ಮೀಸಲಿಡಲಿ. ಮುತವಲ್ಲಿಗಳು ಮಸೀದಿಯ ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ಸರಿಯಾದ ತೂಕ, ಬರೆದು ತೂಗುಹಾಕಿದ ಬೆಲೆ ಇವೆರಡನ್ನು ಷರತ್ತಾಗಿ ವಿಧಿಸಲಿ. ಅಂಗಡಿಯವರೂ ನಮ್ಮವರೇ. ಅವರ ಬಾಕಿ ವಸೂಲಾಗಲು ಜಮಾಅತ್ ನೆರವಾದರೆ ಬೆಲೆ ಇಳಿಸಲು ಅವರಿಗೂ ಸಾಧ್ಯವಾಗುತ್ತದೆ.

ಪ್ರಿಯ ಓದುಗರೇ, ಸಾರು ಮಾಡುವಾಗ ಸ್ವಲ್ಪ ನೀರು ಹೆಚ್ಚು ಹಾಕಿ ನೆರೆಮನೆಯನ್ನು ನೆನಪಿಸಿಕೊಳ್ಳುವಂತೆ ಪ್ರವಾದಿ(ಸ) ಅಬೂದರ್ರ್(ರ)ರಿಗೆ ಉಪದೇಶಿಸಿದ್ದರು (ಮುಸ್ಲಿಮ್). ನೆರೆಮನೆಯ ಮಡಕೆಯಲ್ಲಿ ಏನು ಬೇಯುತ್ತಿದೆ, ಅದರ ಬೇಳೆ ಯಾವ ಬೆಲೆಗೆ ಬಂತು, ಯಾರ ಪುಸ್ತಕದಲ್ಲಿ ಬರೆಸಿ ಬಂತು ಎಂಬುದನ್ನು ವಿಚಾರಿಸುವುದೂ ಆ ಉಪದೇಶದ ಭಾಗವೇ. ಮುಂದಿನ ಸಲ ಹಿಟ್ಟಿನ ಚೀಲ ತರಲು ಮಂಡಿಗೆ ಹೊರಡುವಾಗ ಪಕ್ಕದ ಮನೆಯ ಬಾಗಿಲು ತಟ್ಟಿ, ನಿಮಗೂ ಏನಾದರೂ ತರಬೇಕೇ, ಹಣ ಆಮೇಲೆ ಕೊಟ್ಟರಾಯಿತು ಎಂದು ಕೇಳಿ. ಆರಂಭಕ್ಕೆ ಅಷ್ಟು ಸಾಕು. ಅಳತೆಯಲ್ಲೂ ತೂಕದಲ್ಲೂ ನ್ಯಾಯ ಪಾಲಿಸುವ, ಕೊಡುವಾಗಲೂ ಕೊಳ್ಳುವಾಗಲೂ ಉದಾರಿಗಳಾಗಿರುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.